ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆಯ ಆ ಹೆಂಗಸಿನ ಮೇಲೆ ನನಗೆ ಮೊದಲ ಸಲ ಕನಿಕರ ಹುಟ್ಟಿದ್ದು ಅಗಸೂರಿನಲ್ಲಿ, ಸೋದರಮಾವನ ಮನೆಯ ಅಂಗಳದಲ್ಲಿ, ಅಂಬಾಸಿಡರಿನ ಬಾನೆಟ್ ಎತ್ತಿಕೊಂಡು ನಿಂತಿದ್ದಾಗ.

ಕಾರು ಮಾರ್ಕ್ 4, 1982ರದು. ಒಂದು ಕಾಲದಲ್ಲಿ ಮನೆಯವರನ್ನೆಲ್ಲ ತುಂಬಿಕೊಂಡು ಹುಬ್ಬಳ್ಳಿಯವರೆಗೂ ಹೋಗಿ ಬಂದ ಗಾಡಿ. ಈಗ ವಾರಕ್ಕೊಮ್ಮೆ ಅಂಕೋಲೆ ಪೇಟೆಗೆ ಹೋಗಿ ಮೀನು, ಔಷಧಿ ತರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ‘ಆಯಿಲ್ ನೋಡು ಮಾರಾಯ, ನಂಗೆ ಬಗ್ಗೂಕೆ ಆಗೂದಿಲ್ಲ’ ಎಂದರು ಮಾವ. ನೋಡಿದೆ. ಗೇಜ್ ಕಡ್ಡಿ ಎಳೆದು, ಹಳೇ ಪಂಚೆಯ ತುಂಡಿನಿಂದ ಒರೆಸಿ, ಬುಡದವರೆಗೆ ತೂರಿಸಿ, ಮತ್ತೆ ಎಳೆದೆ. ಎಣ್ಣೆ ಕೆಳಗಿನ ಗೆರೆಯನ್ನು ಮುಟ್ಟಿಯೂ ಇರಲಿಲ್ಲ. ಎದೆ ಧಸಕ್ಕೆಂದಿತು. ಡಿಕ್ಕಿಯಲ್ಲಿದ್ದ ಡಬ್ಬ ತಂದು ಒಂದು ಲೀಟರ್ ಸುರಿದೆ. ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆಯ ಹತ್ತಿರಕ್ಕೆ ಬಂತು. ಒಳ್ಳೆಯ ಕೆಲಸ ಮಾಡಿದವನ ಠೀವಿಯಲ್ಲಿ ಕೈ ತೊಳೆದು ಊಟಕ್ಕೆ ಕೂತೆ.

ಮರುದಿನ ಪೇಟೆಯ ಪೆಟ್ರೋಲ್ ಬಂಕಿನಲ್ಲಿ, ಕಾಂಕ್ರೀಟು ನೆಲದ ಮೇಲೆ ಸರದಿಗೆ ಕಾಯುವಾಗ ಸುಮ್ಮನೆ ಇನ್ನೊಮ್ಮೆ ನೋಡಿದರೆ, ಎಣ್ಣೆ ಮೇಲಿನ ಗೆರೆಯನ್ನು ಅರ್ಧ ಬೆರಳು ದಾಟಿ ನಿಂತಿದೆ. ಒಂದು ರಾತ್ರಿಯಲ್ಲಿ ಎಂಜಿನ್ ಎಣ್ಣೆ ಹೆತ್ತಿತೇ?

ಮಾವನ ಹಳೆಯ ಮಿಸ್ತ್ರಿಗೆ ಫೋನು ಹೋಯಿತು. ಎಪ್ಪತ್ತು ದಾಟಿದ ಮನುಷ್ಯ. ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ ಲಾರಿಗಳ ಹೊಟ್ಟೆಯಡಿ ಮಲಗಿಯೇ ಅರ್ಧ ಆಯುಷ್ಯ ಕಳೆದವರು. ಅಂಕೋಲೆಯಿಂದ ಯಲ್ಲಾಪುರ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಈ ರಸ್ತೆಗೆ ಈಗ 52 ಎಂಬ ಹೊಸ ನಂಬರು ಬಂದಿದ್ದರೂ ಅವರಿಗೆ ಅದು ಇನ್ನೂ 63. ಬೇಲೇಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳಲ್ಲಿ ಗ್ಯಾರೇಜಿನ ಬಾಗಿಲು ಹಾಕಿದ ನೆನಪೇ ಅವರಿಗಿಲ್ಲ. ಆ ಧೂಳು, ಆ ದುಡ್ಡು, ಆಮೇಲೆ 2011ರ ಲೋಕಾಯುಕ್ತ ವರದಿ, ಅದೆಲ್ಲ ಬೇರೆಯೇ ಕತೆ.

ಮಿಸ್ತ್ರಿ ಬಂದವರು ಬಾನೆಟ್ ಎತ್ತಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಕಾರಿಗೆ ಒಂದು ಸುತ್ತು ಬಂದರು. ಬೇಲಿಯ ಬದಿಯಲ್ಲಿ ಗಾರೆಯವರು ಚಿರೇಕಲ್ಲಿನ ಕಂಪೌಂಡು ಕಟ್ಟುತ್ತಿದ್ದರು. ಅವರ ಹತ್ತಿರ ಮಟ್ಟ ನೋಡುವ ನೀರಿನ ಪೈಪು ಇತ್ತು, ಆಸ್ಪತ್ರೆಯ ನಳಿಗೆಯಂಥದ್ದು, ಒಳಗಿನ ನೀರು ಕಾಣುವ ಪಾರದರ್ಶಕ ಪೈಪು. ಅದರ ಒಂದು ತುದಿಯನ್ನು ಮುಂದಿನ ಗಾಲಿಯ ನಡುಮಟ್ಟಕ್ಕೆ ಹಿಡಿಯಲು ನನಗೆ ಹೇಳಿ, ಇನ್ನೊಂದು ತುದಿಯನ್ನು ಹಿಂದಿನ ಗಾಲಿಯ ಹತ್ತಿರ ತಾವು ಹಿಡಿದರು. ನೀರು ಅತ್ತಿತ್ತ ಓಲಾಡಿ ನಿಂತಿತು. ನನ್ನ ತುದಿಯಲ್ಲಿ ಗಾಲಿಯ ನಡುವಿಗೆ ಸರಿಯಾಗಿದ್ದ ನೀರು, ಅವರ ತುದಿಯಲ್ಲಿ ಗಾಲಿಯ ನಡುವಿಗಿಂತ ಅರ್ಧ ಅಡಿ ಮೇಲಿತ್ತು. ಎರಡು ಗಾಲಿಗಳ ನಡುವೆ ಇರುವುದೇ ಎಂಟಡಿ. ಅಷ್ಟರಲ್ಲಿ ಅಂಗಳ ಅರ್ಧ ಅಡಿ ಇಳಿದಿದೆ.

‘ಕಡ್ಡಿ ಸುಳ್ಳು ಹೇಳೂದಿಲ್ಲ ತಮಾ. ನೀ ಕೇಳ್ದ ಜಾಗ ಸರಿ ಇಲ್ಲ.’

ಅಂಗಳದ ತಪ್ಪೂ ಅಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಡೆಯುವ ಸೀಮೆಯಲ್ಲಿ ಸಮತಟ್ಟಾದ ಅಂಗಳ ಯಾರಿಗೂ ಬೇಡ. ಮನೆಯ ಜಗಲಿಯಿಂದ ರಸ್ತೆಯ ಕಡೆಗೆ ಓರೆಯಿಟ್ಟರೆ ಮಾತ್ರ ಆಷಾಢದ ನೀರು ಹರಿದು ಹೋಗುತ್ತದೆ. ಮಾವ ಕಾರಿನ ಮೂತಿಯನ್ನು ಮನೆಯ ಕಡೆಗೆ ಮಾಡಿ ನಿಲ್ಲಿಸುತ್ತಾರೆ. ಅಂದರೆ ಮೂತಿ ಮೇಲೆ, ಬಾಲ ಕೆಳಗೆ. ಎಂಜಿನ್ನಿನ ಕೆಳಗಿನ ಚೇಂಬರಿನಲ್ಲಿರುವ ಎಣ್ಣೆ ಓರೆ ಪಾತ್ರೆಯಲ್ಲಿನ ಸಾರಿನಂತೆ ಹಿಂದಕ್ಕೆ ಸರಿದಿರುತ್ತದೆ. ಕಡ್ಡಿ ಇಳಿಯುವ ಜಾಗ ಮೇಲಕ್ಕೆದ್ದಿದ್ದರೆ ಕಡಿಮೆ ತೋರಿಸುತ್ತದೆ, ತಗ್ಗಿದ್ದರೆ ಹೆಚ್ಚು. ಹೆಚ್ಚುಕಮ್ಮಿ ಎಲ್ಲ ಹಳೆಯ ಕಾರುಗಳ ಕಡ್ಡಿಯಲ್ಲೂ ಎರಡು ಗೆರೆಗಳ ನಡುವೆ ಒಂದು ಲೀಟರಿನ ಆಸುಪಾಸು ಅಂತರವಿರುತ್ತದೆ. ಬೆರಳ ಅಗಲದಷ್ಟೇ ಇರುವ ಆ ಜಾಗದಲ್ಲಿ ಅಂಗಳದ ಓರೆಯೊಂದೇ ಅರ್ಧ ಲೀಟರ್ ತಿಂದುಬಿಡಬಲ್ಲದು. ನನ್ನ ಲೆಕ್ಕದಲ್ಲಿ ಆದದ್ದು ಅದೇ.

ಹೆಚ್ಚಾದರೆ ಏನಾಯಿತು, ಕಡಿಮೆಯಾದರೆ ತಾನೇ ಕೆಡುಕು ಎಂದು ನಾನು ವಾದ ಹೂಡಿದೆ. ನಮ್ಮಲ್ಲಿ ಎಣ್ಣೆ, ತುಪ್ಪ ಯಾವುದಕ್ಕೂ ಹೆಚ್ಚಾಯಿತು ಎಂಬ ಮಾತೇ ಇಲ್ಲವಲ್ಲ. ಬಡಿಸುವಾಗ ಒಂದು ಸೌಟು ಹೆಚ್ಚೇ ಹಾಕುವ ಕೈ ಅದು. ಮಿಸ್ತ್ರಿ ಅಡುಗೆಮನೆಯ ಕಡೆ ಕೈ ತೋರಿಸಿದರು. ಒಳಗೆ ಅತ್ತೆ ಮಜ್ಜಿಗೆ ಕಡೆಯುತ್ತಿದ್ದರು.

ವಿವರಣೆ ಅಷ್ಟೇ ಸಾಕಿತ್ತು. ಚೇಂಬರಿನ ಎಣ್ಣೆಗೆ ಸ್ವಲ್ಪ ಮೇಲೆ ಕ್ರ್ಯಾಂಕ್ ನಿಮಿಷಕ್ಕೆ ಎರಡು-ಮೂರು ಸಾವಿರ ಸುತ್ತು ತಿರುಗುತ್ತಿರುತ್ತದೆ. ಎಣ್ಣೆಯ ಮಟ್ಟ ಅದಕ್ಕೆ ತಗಲುವಷ್ಟು ಏರಿದರೆ ಕ್ರ್ಯಾಂಕ್ ಕಡೆಗೋಲಾಗುತ್ತದೆ. ಎಣ್ಣೆ ನೊರೆಯೇಳುತ್ತದೆ. ಪಂಪು ಆಗ ಎಣ್ಣೆಯ ಜತೆಗೆ ಗಾಳಿಯನ್ನೂ ಎಳೆದು ಬೇರಿಂಗಿಗೆ ಕಳಿಸುತ್ತದೆ. ಎಣ್ಣೆ ತುಂಬಿ ತುಳುಕುತ್ತಿದ್ದರೂ ಬೇರಿಂಗಿಗೆ ಉಪವಾಸ. ಜತೆಗೆ ಒತ್ತಡ ಹೆಚ್ಚಾಗಿ ಸಿಕ್ಕ ಸಿಕ್ಕ ಸಂದಿಯಿಂದ ಸೋರಿಕೆ. ಅಂಬಾಸಿಡರಿಗಂತೂ ಸೋರುವುದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಅದರ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಕುಲದ್ದು. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ರಬ್ಬರಿನ ಆಯಿಲ್ ಸೀಲ್ ಇಲ್ಲ, ಸ್ಕ್ರೂವಿನಂಥ ಗೆರೆ ಕೊರೆದಿದ್ದಾರೆ. ತಿರುಗುವಾಗ ಆ ಗೆರೆ ಎಣ್ಣೆಯನ್ನು ವಾಪಸು ಒಳಕ್ಕೆ ತಳ್ಳುತ್ತದೆ. ನಿಂತಾಗ? ನಿಂತಾಗ ದೇವರೇ ಗತಿ. ಬಾಲ ತಗ್ಗಿಸಿ ನಿಲ್ಲಿಸಿದ, ಅರ್ಧ ಲೀಟರ್ ಹೆಚ್ಚು ಕುಡಿದ ಕಾರಿನಡಿ ಬೆಳಗಿನ ಹೊತ್ತಿಗೆ ರೂಪಾಯಿಯಗಲದ ಕಪ್ಪು ಬೊಟ್ಟು ಬಿದ್ದಿರುವುದರಲ್ಲಿ ಆಶ್ಚರ್ಯವಿಲ್ಲ.

ಹೆಚ್ಚಾದದ್ದನ್ನು ತೆಗೆಯಲು ಡ್ರೈನ್ ಬೋಲ್ಟ್ ಬಿಚ್ಚಿದರೆ ಅರ್ಧಕ್ಕೆ ನಿಲ್ಲಿಸುವುದು ಕಷ್ಟ. ಮಿಸ್ತ್ರಿ ಚೀಲದಿಂದ ದನದ ಡಾಕ್ಟರು ಬಳಸುವ ದೊಡ್ಡ ಸಿರಿಂಜು, ಅದಕ್ಕೊಂದು ಸಣ್ಣ ನಳಿಗೆ ತೆಗೆದರು. ಗೇಜ್ ಕಡ್ಡಿಯ ತೂತಿನಲ್ಲೇ ನಳಿಗೆ ಇಳಿಸಿ ಐವತ್ತು ಐವತ್ತು ಮಿಲಿಯಂತೆ ಹತ್ತು ಸಲ ಎಳೆದರು. ನಾನು ಎಣಿಸಿದೆ. ತೆಗೆದ ಎಣ್ಣೆಯನ್ನು ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಮಾವ ಎತ್ತಿಟ್ಟುಕೊಂಡರು. ಊರಲ್ಲೆಲ್ಲ ನಡೆದುಬಂದ ರೂಢಿ. ಸುಟ್ಟ ಎಣ್ಣೆ ಕೈಗೂ ಒಳ್ಳೆಯದಲ್ಲ, ಬಾವಿಗೂ ಒಳ್ಳೆಯದಲ್ಲ ಎಂದು ಹೇಳಿ ನೋಡಿದೆ. ಗೆದ್ದಲಿನ ಮುಂದೆ ನನ್ನ ಮಾತು ನಡೆಯಲಿಲ್ಲ.

ಆಮೇಲೆ ಸಮತಟ್ಟಾದ ಜಾಗಕ್ಕೆ ಕಾರು ತೆಗೆದುಕೊಂಡು ಹೋಗಿ ನಿಜವಾದ ಪಾಠ ಶುರುವಾಯಿತು. ಎಂಜಿನ್ ನಿಲ್ಲಿಸಿದ ಕೂಡಲೇ ಕಡ್ಡಿಗೆ ಕೈ ಹಾಕಿದ್ದಕ್ಕೆ ಬೈಸಿಕೊಂಡೆ. ಓಡುತ್ತಿದ್ದ ಎಂಜಿನ್ನಿನ ಎಣ್ಣೆಯಲ್ಲಿ ಒಂದು ಪಾಲು ಮೇಲೆ ಟ್ಯಾಪೆಟ್ ಕವರಿನಡಿ, ಫಿಲ್ಟರಿನಲ್ಲಿ, ಗೋಡೆಗಳಿಗೆ ಅಂಟಿಕೊಂಡು ಇರುತ್ತದೆ. ಅದು ಇಳಿದು ಬರಲು ಬಿಡಬೇಕು. ಎಷ್ಟು ಹೊತ್ತು? ‘ಒಂದು ಕವಳ ಹಾಕೂವಷ್ಟು’ ಎಂದು ಮಿಸ್ತ್ರಿ ಎಲೆ, ಅಡಿಕೆ ತೆಗೆದು ಕೂತೇಬಿಟ್ಟರು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ಪುಸ್ತಕಗಳು ಐದರಿಂದ ಹತ್ತು ಎನ್ನುತ್ತವೆ. ಕವಳದ ಲೆಕ್ಕವೇ ವಾಸಿ.

ಇನ್ನೊಂದು ಸೂಕ್ಷ್ಮವಿದೆ. ಕಾದ ಎಣ್ಣೆ ಹಿಗ್ಗುತ್ತದೆ. ನಾಲ್ಕು ಲೀಟರಿನಷ್ಟು ಎಣ್ಣೆ 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಸುಮಾರು 150 ಮಿಲಿಯಷ್ಟು ಉಬ್ಬಿರುತ್ತದೆ. ಮೇಲೆ ಅಂಟಿಕೊಂಡದ್ದು ಮಟ್ಟವನ್ನು ಇಳಿಸುತ್ತದೆ, ಕಾವು ಮಟ್ಟವನ್ನು ಏರಿಸುತ್ತದೆ. ಎರಡೂ ಸೇರಿ ಒಂದೊಂದು ದಿನ ಒಂದೊಂದು ಮಾತು. ಹಾಗಾಗಿ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನೋಡಬೇಕು. ಅದಕ್ಕೆ ಬೆಳಗಿನ ಹೊತ್ತಿನಷ್ಟು ಒಳ್ಳೆಯದು ಬೇರಿಲ್ಲ. ರಾತ್ರಿಯಿಡೀ ಇಳಿದ ಎಣ್ಣೆ, ತಣ್ಣಗಿನ ಎಂಜಿನ್. ಘಟ್ಟದ ಲಾರಿ ಡ್ರೈವರುಗಳು ಊದುಬತ್ತಿ ಹಚ್ಚುವ ಮೊದಲು ಆಯಿಲ್, ನೀರು ನೋಡುವುದು ಭಕ್ತಿಯಿಂದಲ್ಲ, ಲೆಕ್ಕದಿಂದ. ಎಲ್ಲ ಕಾರಿಗೂ ಈ ನಿಯಮ ಹೊಂದುತ್ತದೆ ಎಂದೂ ಅಲ್ಲ. ಜರ್ಮನಿಯ ಹಳೆಯ ಪೋರ್ಷೆ 911ರಲ್ಲಿ ಎಣ್ಣೆ ಚೇಂಬರಿನಲ್ಲಿ ನಿಲ್ಲುವುದಿಲ್ಲ, ಬೇರೆಯೇ ಟ್ಯಾಂಕಿದೆ. ಅದನ್ನು ಎಂಜಿನ್ ಚೆನ್ನಾಗಿ ಕಾದು ಓಡುತ್ತಿರುವಾಗಲೇ ನೋಡಬೇಕು. ಅಗಸೂರಿನ ರಸ್ತೆಯಲ್ಲಿ ಅಂಥದ್ದು ಬಂದರೆ ಎಣ್ಣೆ ನೋಡುವ ಮೊದಲು ಜನ ಕಾರನ್ನೇ ನೋಡುತ್ತಾರೆ, ಆ ಮಾತು ಬಿಡಿ.

ಸರಿ, ನೆಲ ಸಮ, ಎಂಜಿನ್ ತಣ್ಣಗೆ, ಕಡ್ಡಿ ಒರೆಸಿದ್ದಾಯಿತು. ಈಗಲಾದರೂ ಗೆರೆಯನ್ನು ನಂಬಬಹುದೇ? ಹೊಸ ಕಾರಾದರೆ ನಂಬಬಹುದು. ನಲವತ್ತು ವರ್ಷ ಹಳೆಯ ಗಾಡಿಯಲ್ಲಿ ಆ ಕಡ್ಡಿ ಆ ಎಂಜಿನ್ನಿಗೇ ಹುಟ್ಟಿದ್ದು ಎಂದು ಯಾರು ಪ್ರಮಾಣ ಮಾಡಿಯಾರು? ಬಂಗಾಲದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾದ ಅಂಬಾಸಿಡರಿನ ಹೊರಮೈ ಹೆಚ್ಚುಕಮ್ಮಿ ಒಂದೇ. ಒಳಗೆ ಮಾತ್ರ ಪೆಟ್ರೋಲ್, ಡೀಸೆಲ್, ಆಮೇಲೆ ಇಸುಜು ಮೂಲದ 1800 ಸಿಸಿ ಎಂದು ಎಂಜಿನ್ನುಗಳು ಬದಲಾಗುತ್ತ ಹೋದವು. ಟ್ಯಾಕ್ಸಿಯವರು ಪೆಟ್ರೋಲ್ ಎಂಜಿನ್ ತೆಗೆದು ಕೈಗೆ ಸಿಕ್ಕ ಡೀಸೆಲ್ ಎಂಜಿನ್ ಕೂರಿಸಿದ್ದು ಲೆಕ್ಕವಿಲ್ಲ. ಕಡ್ಡಿ ಮುರಿದರೆ ಗುಜರಿಯಿಂದ ಇನ್ನೊಂದರದ್ದು ತಂದು ಸಿಕ್ಕಿಸಿದ್ದೂ ಉಂಟು. ಅಂಗುಲ ಗಿಡ್ಡವಾದ ಕಡ್ಡಿ ಸದಾ ಎಣ್ಣೆ ಸಾಲದು ಎನ್ನುತ್ತದೆ. ಅಂಗುಲ ಉದ್ದವಾದದ್ದು ಎಂಜಿನ್ ಸೀಜ್ ಆಗುವವರೆಗೂ ಸುಖವಾಗಿದ್ದೇವೆ ಎನ್ನುತ್ತದೆ.

ಮಿಸ್ತ್ರಿಯ ವಿದ್ಯೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದು. ಎಣ್ಣೆ ಬದಲಾಯಿಸುವ ದಿನ, ಹಳೆಯದನ್ನು ಬಿಸಿಯಿದ್ದಾಗಲೇ ಪೂರ್ತಿ ಬಸಿದು, ಫಿಲ್ಟರ್ ಹೊಸತು ಹಾಕಿದರು. ಕಾರಿನ ಪುಸ್ತಕದಲ್ಲಿ ಬರೆದ ಅಳತೆಯಿಂದ ಒಂದು ಲೀಟರ್ ಕಡಿಮೆ ಸುರಿದು, ಎರಡು ನಿಮಿಷ ಎಂಜಿನ್ ಓಡಿಸಿ, ಕವಳ ಹಾಕಿದರು. ಎಣ್ಣೆ ಕಡ್ಡಿಯಲ್ಲಿ ಎಲ್ಲಿಗೆ ಮುಟ್ಟಿತೋ ಅಲ್ಲಿ ಮುಕ್ಕೋಣದ ಅರದಿಂದ ಒಂದು ಗೀಟು. ಅದು ಕೆಳಗೆರೆ. ಉಳಿದ ಲೀಟರ್ ಸುರಿದು ಮತ್ತೆ ಕಾದು ಇನ್ನೊಂದು ಗೀಟು. ಅದು ಮೇಲ್ಗೆರೆ. ಕಾರ್ಖಾನೆಯ ಗೆರೆಗೂ ಅವರ ಗೀಟಿಗೂ ಜೋಳದ ಕಾಳಿನಷ್ಟು ವ್ಯತ್ಯಾಸ ಬಂತು. ನಮ್ಮ ಕಡ್ಡಿ ಅಸಲಿಯೇ ಇರಬೇಕು ಎಂದು ಮಾವ ಬೀಗಿದರು.

ಇಲ್ಲೊಂದು ಹಳ್ಳವಿದೆ, ಬಿದ್ದವರಿದ್ದಾರೆ. ಆ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ಅಳತೆ ಪಿಂಟ್‌ಗಳಲ್ಲಿರುತ್ತದೆ. ಬ್ರಿಟಿಷ್ ಪಿಂಟ್ 568 ಮಿಲಿ, ಅಮೆರಿಕದ್ದು 473. ಮೋರಿಸ್ ಆಕ್ಸ್‌ಫರ್ಡಿನ ವಂಶದ ಅಂಬಾಸಿಡರಿಗೆ ಬ್ರಿಟಿಷ್ ಪಿಂಟ್, ವಿಲ್ಲೀಸ್ ವಂಶದ ಜೀಪಿನ ಹಳೆಯ ಪುಸ್ತಕದಲ್ಲಿ ಅಮೆರಿಕದ ಲೆಕ್ಕ. ಒಂದರ ಬದಲು ಇನ್ನೊಂದನ್ನು ಹಿಡಿದರೆ ಎಂಟು ಪಿಂಟಿಗೆ ಮುಕ್ಕಾಲು ಲೀಟರ್ ಏರುಪೇರು.

ಎಣ್ಣೆ ಯಾವುದು ಎಂಬುದರಲ್ಲಿ ಮಾತ್ರ ಮಿಸ್ತ್ರಿ ಹಟವಾದಿ. 20ಡಬ್ಲ್ಯೂ-40 ಅಥವಾ 50, ಅಷ್ಟೇ. ಈಗಿನ ಕಾರುಗಳ ನೀರಿನಂಥ ತೆಳು ಎಣ್ಣೆ ಹಾಕಿದರೆ ಸವೆದ ಬೇರಿಂಗಿನ ಸಂದಿಯಲ್ಲಿ ನಿಲ್ಲದೆ ಒತ್ತಡ ಬೀಳುತ್ತದೆ, ಸೋರಿಕೆ ದುಪ್ಪಟ್ಟಾಗುತ್ತದೆ. ಅವರು ಹೇಳದ ಕಾರಣ ಇನ್ನೊಂದಿದೆ. ಹೊಗೆ ಶುದ್ಧಿ ಮಾಡುವ ಕನ್ವರ್ಟರಿಗೆ ಕೇಡೆಂದು ಹೊಸ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಅಂಶ ಕಡಿಮೆ ಮಾಡಿದ್ದಾರೆ. ಹಳೆಯ ಎಂಜಿನ್ನಿನ ಕ್ಯಾಮ್ ಮತ್ತು ಟ್ಯಾಪೆಟ್ ಒಂದನ್ನೊಂದು ಉಜ್ಜುವಲ್ಲಿ ಕಾಪಾಡುತ್ತಿದ್ದುದೇ ಆ ಅಂಶ.

ಎಣ್ಣೆ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಅರಬೈಲ್ ಘಟ್ಟದಂಥ ಪರೀಕ್ಷೆ ಬೇರಿಲ್ಲ. ಹತ್ತುವಾಗ ಹಿಂದೆ ನೀಲಿ ಹೊಗೆ ಎಡೆಬಿಡದೆ ಬಂದರೆ ರಿಂಗು ಸವೆದಿದೆ. ಯಲ್ಲಾಪುರದಿಂದ ಗೇರಿನಲ್ಲೇ ಹಿಡಿದುಕೊಂಡು ಇಳಿದು, ಕೆಳಗೆ ಬಯಲಿಗೆ ಬಂದು ಎಕ್ಸಲೇಟರ್ ಒತ್ತಿದ ಕೂಡಲೇ ಒಂದು ಗಂಟು ಹೊಗೆ ಉಗುಳಿ ಸುಮ್ಮನಾದರೆ ವಾಲ್ವ್ ಗೈಡ್. ಇಳಿಯುವಾಗ ಎಂಜಿನ್ ಒಳಗಿನ ಸೆಳೆತ ಹೆಚ್ಚಿ, ಸಡಿಲ ಗೈಡಿನ ಸಂದಿಯಿಂದ ಎಣ್ಣೆಯನ್ನು ಹೀರಿಕೊಂಡಿರುತ್ತದೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಕುಡಿಯುವ ಹಂತಕ್ಕೆ ಬಂದರೆ ಎಂಜಿನ್ ಬಿಚ್ಚಲು ದುಡ್ಡು ಕೂಡಿಡಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಇದೆಯಲ್ಲ ಎನ್ನುವವರಿದ್ದಾರೆ. ಆ ದೀಪ ನೋಡುವುದು ಒತ್ತಡವನ್ನು, ಮಟ್ಟವನ್ನಲ್ಲ. ಘಟ್ಟದ ಹೇರ್‌ಪಿನ್ ತಿರುವಿನಲ್ಲಿ ಎಣ್ಣೆ ಒಂದು ಮಗ್ಗುಲಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಕ್ಕಾಗ ಅದು ಮಿಣುಕುತ್ತದೆ. ಅಷ್ಟರಲ್ಲಿ ಬೇರಿಂಗು ಒಂದು ಗುಟುಕು ತಪ್ಪಿಸಿಕೊಂಡಾಗಿರುತ್ತದೆ.

ಕಡಿಮೆಯಾಗುವ ಎಣ್ಣೆಗಿಂತ ಸುರಿಯದೆಯೇ ಹೆಚ್ಚಾಗುವ ಎಣ್ಣೆಗೆ ಮಿಸ್ತ್ರಿ ಹೆದರುತ್ತಾರೆ. ಅದರ ಉದಾಹರಣೆ ನಮ್ಮ ಸಂಬಂಧಿಕರ ಪ್ರೀಮಿಯರ್ ಪದ್ಮಿನಿ. ಈ ಪದ್ಮಿನಿಯ ಕತೆಯಲ್ಲಿ ನಮ್ಮದೊಂದು ಹಳೆಯ ಹೊಟ್ಟೆಯುರಿಯಿದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಕಾರು ಕಾರ್ಖಾನೆಗಾಗಿ ದೇಶವಿದೇಶ ತಿರುಗಿದರು, ಮೈಸೂರು ಸಂಸ್ಥಾನದ ನೆರವು ಬ್ರಿಟಿಷರಿಗೆ ಒಗ್ಗಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಹುಟ್ಟಿದ್ದು ಮುಂಬೈಯಲ್ಲಿ. ಇಲ್ಲದಿದ್ದರೆ ಪದ್ಮಿನಿಯ ತವರು ನಮ್ಮದೇ ಆಗುತ್ತಿತ್ತೋ ಏನೋ. ಇರಲಿ. ಪದ್ಮಿನಿಯ ಪೆಟ್ರೋಲ್ ಪಂಪು ಎಂಜಿನ್ನಿನ ಮಗ್ಗುಲಿಗೇ ಕೂತು ಕ್ಯಾಮಿನ ತಳ್ಳುವಿಕೆಯಿಂದ ನಡೆಯುತ್ತದೆ. ಅದರೊಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲು ಸದ್ದಿಲ್ಲದೆ ಚೇಂಬರಿಗೆ ಇಳಿಯುತ್ತದೆ. ಗೇಜಿನಲ್ಲಿ ಮಟ್ಟ ವಾರದಿಂದ ವಾರಕ್ಕೆ ಏರುತ್ತ ಹೋದರೆ, ಮನೆಯವರಿಗೆ ಕಾರು ಎಣ್ಣೆ ಕುಡಿಯುವುದಿಲ್ಲ ಎಂಬ ಖುಷಿ. ಮಿಸ್ತ್ರಿ ಕಡ್ಡಿಯನ್ನು ಮೂಗಿಗೆ ಹಿಡಿದರು. ಪೆಟ್ರೋಲಿನ ಘಾಟು. ಬೆರಳ ತುದಿಗೆ ತಿಕ್ಕಿದರೆ ಜಿಡ್ಡೇ ಇಲ್ಲ. ನೋಡುವುದು ಕಣ್ಣಿನ ಕೆಲಸವಷ್ಟೇ ಅಲ್ಲ ಎಂದು ಅಂದು ತಿಳಿಯಿತು. ಹಾಗೆಂದು ಬಣ್ಣ ಕಪ್ಪಾಯಿತು ಎಂದು ಗಾಬರಿಯಾಗಬೇಕಿಲ್ಲ. ಡೀಸೆಲ್ ಎಂಜಿನ್ನಿನ ಎಣ್ಣೆ ಸುರಿದ ಸಂಜೆಗೇ ಕಪ್ಪಾಗುತ್ತದೆ. ಮಸಿಯನ್ನು ಎತ್ತಿಕೊಳ್ಳುವುದು ಅದರ ಕೆಲಸ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಹೆದರಬೇಕು, ನೀರು ಸೇರಿದೆ ಎಂದರ್ಥ. ಮಳೆಗಾಲದಲ್ಲಿ ಎರಡು ಮೈಲಿ ಓಡಿಸಿ ನಿಲ್ಲಿಸುವ ಕಾರಿನ ಎಣ್ಣೆ ಮುಚ್ಚಳದಡಿ ಬಿಳಿ ಬೆಣ್ಣೆಯಂಥದ್ದು ಕೂರುವುದುಂಟು. ಅದು ಬರೀ ತೇವ, ಒಂದು ಸಲ ಚೆನ್ನಾಗಿ ಕಾಯುವಷ್ಟು ಓಡಿಸಿದರೆ ಹೋಗುತ್ತದೆ. ಕಡ್ಡಿಯಲ್ಲೇ ಆ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಅದೇ ಪದ್ಮಿನಿಗೆ 2019ರ ಆಗಸ್ಟಿನಲ್ಲಿ ಇನ್ನೊಂದು ಗಂಡಾಂತರ ಬಂತು. ಧಾರವಾಡದ ಕಡೆ ಹುಟ್ಟಿ, ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ, ನಮ್ಮಲ್ಲಿಗೆ ಗಂಗಾವಳಿ ಎಂಬ ಹೆಸರಿನಲ್ಲಿ ಬರುವ ನದಿ ಆ ವರ್ಷ ದಂಡೆಯ ಊರುಗಳಿಗೆ ನುಗ್ಗಿತು. ಮಾವನ ಮನೆ ದಿಬ್ಬದ ಮೇಲಿತ್ತು, ಓರೆ ಅಂಗಳದ ಅಂಬಾಸಿಡರ್ ಉಳಿಯಿತು. ತಗ್ಗಿನಲ್ಲಿದ್ದ ಪದ್ಮಿನಿ ಸ್ಟೇರಿಂಗಿನವರೆಗೆ ಮುಳುಗಿತು. ನೀರಿಳಿದ ಮೇಲೆ ಹುಡುಗನೊಬ್ಬ ಚಾವಿ ತಿರುಗಿಸಲು ಹೊರಟಾಗ ಮಿಸ್ತ್ರಿ ಕೂಗಿ ತಡೆದರಂತೆ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಅದನ್ನು ಒತ್ತಲು ಹೋದರೆ, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಗೇಜ್ ಎಳೆದರು. ಮಟ್ಟ ಮೇಲ್ಗೆರೆಗಿಂತ ಎರಡು ಬೆರಳು ಮೇಲೆ. ನೀರು ಭಾರ, ತಳದಲ್ಲಿ ಕೂರುತ್ತದೆ, ಎಣ್ಣೆ ಅದರ ಮೇಲೆ ತೇಲುತ್ತದೆ. ಕಡ್ಡಿಯ ಮೇಲ್ಭಾಗದಲ್ಲಿ ಕಾಣುವುದು ಒಳ್ಳೆಯ ಎಣ್ಣೆಯೇ. ಬಣ್ಣ ನೋಡಿ ಮೋಸ ಹೋಗಬಾರದು. ಡ್ರೈನ್ ಬೋಲ್ಟ್ ಸಡಿಲಿಸಿದಾಗ ಮೊದಲು ಕೆಂಪು ಹೊಳೆನೀರು ಬಂತು, ಸಾಕಷ್ಟು ಹೊತ್ತಿನ ಮೇಲೆ ಎಣ್ಣೆ. ಪ್ಲಗ್ ಬಿಚ್ಚಿ ಕೈಯಲ್ಲೇ ಎಂಜಿನ್ ತಿರುಗಿಸಿ, ಅಗ್ಗದ ಎಣ್ಣೆ ಹಾಕಿ ಬಸಿದು, ಇನ್ನೊಮ್ಮೆ ಹಾಕಿ ಬಸಿದು, ಮೂರನೇ ಸಲ ಸರಿಯಾದದ್ದು ಹಾಕಿದರು. ಕಾರು ಬದುಕಿತು. ಆ ಮನೆಯ ಗೋಡೆಯಲ್ಲಿ ಹೊಳೆ ಬಿಟ್ಟುಹೋದ ಮಣ್ಣಿನ ಗೆರೆ ಸುಣ್ಣ ಬಳಿದರೂ ಮಳೆಗಾಲದಲ್ಲಿ ಮಸುಕಾಗಿ ಏಳುತ್ತದೆ. ಗಂಗಾವಳಿಯ ಗೇಜ್ ಕಡ್ಡಿ ಅದು, ಮೇಲ್ಗೆರೆ ಮಾತ್ರ ಇರುವಂಥದ್ದು.

ಮಾವನ ಕಾರನ್ನು ನಾನು ವಿಂಟೇಜ್ ಎಂದು ಕರೆದಾಗ ಸೊಸೆಯೊಬ್ಬಳು ತಿದ್ದಿದಳು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ಮಾತ್ರ ಆ ಹೆಸರು, ಅದಕ್ಕೆ ವಿಎ ಎಂಬ ಅಕ್ಷರಗಳ ಬೇರೆ ನಂಬರು. ನಮ್ಮದು 2032ರವರೆಗೆ ಬರೀ ಹಳೆಯ ಕಾರು. ಮಾವನಿಗೆ ಆ ವರ್ಷಕ್ಕೆ ತೊಂಬತ್ತೆರಡು. ‘ಇಬ್ರೂ ಒಟ್ಟಿಗೇ ಪಾಸಿಂಗಿಗೆ ಹೋಗ್ತೇವೆ’ ಎಂದರು.

ಕಂಪೌಂಡಿನ ಕೆಲಸ ಮುಗಿದಾಗ ಒಂದಿಷ್ಟು ಚಿರೇಕಲ್ಲು ಉಳಿಯಿತು. ಮಿಸ್ತ್ರಿಯ ಮಾತಿನಂತೆ ಗಾರೆಯವನು ಅದೇ ನೀರಿನ ಪೈಪು ಹಿಡಿದು, ಅಂಗಳದ ಒಂದು ಬದಿಯಲ್ಲಿ ಗಾಲಿಗಳಿಗೆ ಸರಿಯಾಗಿ ಎರಡು ಪಟ್ಟಿ ಕಟ್ಟಿದ. ಜಗಲಿಯ ಕಡೆ ನೆಲಕ್ಕೆ ಸಮ, ರಸ್ತೆಯ ಕಡೆ ಅರ್ಧ ಅಡಿ ಎತ್ತರ, ಮೇಲೆ ಸಿಮೆಂಟಿನ ನುಣುಪು. ನಡುವೆ ಮಳೆನೀರು ಹರಿಯಲು ದಾರಿ. ಇಡೀ ಮನೆಯ ಸುತ್ತ ಅಷ್ಟು ಸಮತಟ್ಟಾದ, ಅಷ್ಟು ಚೊಕ್ಕಟವಾದ, ಬೆಳಗಿನಿಂದ ಬಿಸಿಲು ಬೀಳುವ ಜಾಗ ಬೇರೆ ಇಲ್ಲ. ಕಳೆದ ಸಲ ಹೋದಾಗ ಮಾವ ಎಂದಿನಂತೆ ಆಯಿಲ್ ನೋಡು ಎಂದರು. ಚಾವಿ ಹಿಡಿದು ಹೊರಗೆ ಬಂದರೆ ಕಾರು ಹಳೆಯ ಜಾಗದಲ್ಲೇ ಮೂತಿ ಎತ್ತಿ ನಿಂತಿದೆ. ಎರಡೂ ಪಟ್ಟಿಗಳ ಉದ್ದಕ್ಕೂ ಅತ್ತೆಯ ಹಲಸಿನ ಹಪ್ಪಳ.

‘ಸಂಜೆ ತೆಗೀತೇನೆ, ಆಮೇಲೆ ನೋಡ್ಕೊ’ ಎಂದರು ಒಳಗಿನಿಂದ.